ಹೈದರಾಬಾದ್ ರಸ್ತೆಯಲ್ಲಿ ಒತ್ತುವರಿ ಯಾರದು?

ಮಾನ್ಯ ಸಂಪಾದಕರೇ,

ಹೈದರಾಬಾದ್ ರಸ್ತೆ ಎಂದೇ ನಾವು ಕರೆಯುವ ರಾಯಚೂರು–ಶಕ್ತಿನಗರ ರಸ್ತೆಯ ವಾಹನ ದಟ್ಟಣೆ ಕುರಿತು ಓದುಗರೊಬ್ಬರು ಕಳೆದ ವಾರ ನಿಮ್ಮ ಪತ್ರಿಕೆಗೆ ಬರೆದ ಪತ್ರವನ್ನು ಓದಿದೆ. ಯರಮರಸ್, ಚಿಕ್ಕಸುಗೂರು, ದೇವಸುಗೂರಿನ ಜನ ರಾಷ್ಟ್ರೀಯ ಹೆದ್ದಾರಿಯನ್ನು ಒತ್ತುವರಿ ಮಾಡಿಕೊಂಡಿದ್ದಾರೆ, ತಳ್ಳುಗಾಡಿ, ಟಂಟಂ, ಎತ್ತಿನಬಂಡಿಗಳನ್ನು ಅಲ್ಲಿಂದ ಎಬ್ಬಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಅವರ ವಾದ. ಬರೆದವರು ಕಾರಿನಲ್ಲಿ ಓಡಾಡುವವರು ಎಂಬುದು ಮೊದಲ ಸಾಲಿಗೇ ತಿಳಿಯಿತು. ಅದರಲ್ಲಿ ತಪ್ಪೇನಿಲ್ಲ. ಆದರೆ ಇದೇ ರಸ್ತೆಯ ಪಕ್ಕದ ಶಾಲೆಯಲ್ಲಿ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಒತ್ತುವರಿ ಎಂಬ ಮಾತು ಕೇಳಿ ಸುಮ್ಮನೆ ಕೂರಲಾಗಲಿಲ್ಲ. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎಂಬ ಲೆಕ್ಕವನ್ನು ಒಮ್ಮೆ ನೋಡಿಬಿಡೋಣ.

ಮುಂಬೈ ಕಡೆಯಿಂದ ಬಂದ ರೈಲು ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ಒಂದನ್ನೊಂದು ಕೂಡಿದ್ದು ನಮ್ಮ ರಾಯಚೂರಿನಲ್ಲಿ, 1871ರಲ್ಲಿ. ಆ ಹಳಿಯ ಮೇಲೆ ರಾಯಚೂರಿನಿಂದ ಉತ್ತರಕ್ಕೆ ಹೊರಟರೆ ಸಿಗುವ ನಿಲ್ದಾಣಗಳು ಯರಮರಸ್ ಮತ್ತು ಚಿಕ್ಕಸುಗೂರು. ಹಳ್ಳಿಗಳು ಮೊದಲೇ ಇದ್ದವು, ರೈಲಿನವರು ಅವುಗಳ ಹೆಸರನ್ನು ಫಲಕಕ್ಕೆ ಬರೆದುಕೊಂಡರು. ದೇವಸುಗೂರಿನ ಸೂಗೂರೇಶ್ವರನಂತೂ ಇದಕ್ಕಿಂತ ಬಹಳ ಹಿಂದಿನವನು. ರಥೋತ್ಸವಕ್ಕೆ ಹೊಳೆಯಾಚೆಯ ಭಕ್ತರು ಸೇತುವೆ ಇಲ್ಲದ ಕಾಲದಲ್ಲಿ ಹರಿಗೋಲು ಹತ್ತಿ ಬರುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೃಷ್ಣಾ ನದಿಗೆ ರಸ್ತೆ ಸೇತುವೆ ಬಂದದ್ದು ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ. ಇನ್ನು ರಾಷ್ಟ್ರೀಯ ಹೆದ್ದಾರಿ 167 ಎಂಬ ಸಂಖ್ಯೆ ಈ ರಸ್ತೆಗೆ ಅಂಟಿದ್ದು ನಿನ್ನೆ ಮೊನ್ನೆ ಎನ್ನಬೇಕು. ನಿನ್ನೆ ಬಂದ ಸಂಖ್ಯೆಯ ಜಾಗವನ್ನು ಶತಮಾನಗಳ ಹಳ್ಳಿ ಒತ್ತುವರಿ ಮಾಡುವುದು ಹೇಗೆ ಸಾಧ್ಯ ಎಂದು ಏಳನೇ ತರಗತಿಯ ಮಗುವೂ ಕೇಳೀತು.

ಅವರು ಎಬ್ಬಿಸಬೇಕೆನ್ನುವ ಬಂಡಿಗಳ ಮಾತಿಗೆ ಬಂದರೆ, ರಾಯಚೂರಿನ ಅತಿ ಹಳೆಯ ಭಾರದ ವಾಹನದ ಚಿತ್ರ ಬಸ್ ನಿಲ್ದಾಣದ ಬಳಿಯ ಕೋಟೆಯಲ್ಲೇ ಇದೆ. ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲನ್ನು ಕೂರಿಸಿದ್ದಾರೆ. ಗೋರೆ ಗಂಗಯ್ಯ ರೆಡ್ಡಿ ಕಾಕತೀಯರ ಕಾಲದಲ್ಲಿ, 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲೆ ತೆಲುಗಿನಲ್ಲಿ ಬರೆಸಿದೆ. ಆ ಕಲ್ಲನ್ನು ತಂದ ಬಗೆಯನ್ನೂ ಶಿಲ್ಪಿ ಗೋಡೆಯ ಮೇಲೆ ಕೆತ್ತಿದ್ದಾನೆ: ಅರಗಳಿಲ್ಲದ ಗಟ್ಟಿ ಗಾಲಿಗಳ ಬಂಡಿ, ಅದರ ಮೇಲೆ ಅಡ್ಡ ಮಲಗಿದ ಬಂಡೆ, ಮುಂದೆ ಸಾಲುಸಾಲು ಜೋಡಿ ಕೋಣಗಳು, ಜೊತೆಗೆ ಜನ. ಹತ್ತಿರ ನಿಂತು ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ನೋಡಬೇಕು, ಇಲ್ಲದಿದ್ದರೆ ಗೆರೆಗಳು ಕಾಣುವುದಿಲ್ಲ. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ರಾಜರ ಹೆಸರು ಮರೆತ ಮಕ್ಕಳು ಕೂಡ ಕೋಣಗಳನ್ನು ಮರೆಯುತ್ತಿರಲಿಲ್ಲ. 

ಕೋಟೆ, ತೀನ್ ಕಂದೀಲ್ ವೃತ್ತ ದಾಟಿ ಗಂಜ್, ಅಂದರೆ ಕೃಷಿ ಮಾರುಕಟ್ಟೆಯ ಕಡೆಗೆ ಬಂದರೆ ಹೈದರಾಬಾದ್ ರಸ್ತೆ ತನ್ನ ನಿಜವಾದ ಸ್ವಭಾವವನ್ನು ತೋರಿಸತೊಡಗುತ್ತದೆ. ರಾಜೇಂದ್ರ ಗಂಜ್‌ಗೆ ಹತ್ತಿ ಬರುವ ತಿಂಗಳುಗಳಲ್ಲಿ ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ಆಳೆತ್ತರ ಹತ್ತಿ, ಅದರ ಮೇಲೆ ಮಲಗಿದ ರೈತ, ಟ್ರಾಲಿ ಸವರಿಕೊಂಡು ಹೋದ ಕಡೆಯಲ್ಲೆಲ್ಲ ಜಾಲಿಮುಳ್ಳಿಗೆ ಸಿಕ್ಕಿ ಹಾರಾಡುವ ಬಿಳಿ ಎಳೆಗಳು. ಆ ಟ್ರ್ಯಾಕ್ಟರುಗಳು ರಸ್ತೆಗೆ ಅಡ್ಡಿಯೆಂದು ಪತ್ರ ಬರೆದವರಿಗೆ ಅನ್ನಿಸಿದೆ. ಗಂಜ್ ಬಂದದ್ದರಿಂದಲೇ ಈ ರಸ್ತೆಯ ಎರಡು ಬದಿಗೆ ಜಿನ್ನಿಂಗ್ ಮಿಲ್‌ಗಳು, ಗೋದಾಮುಗಳು, ಅಂಗಡಿಗಳು ಎದ್ದವು. ಮುಂದೆ ಒಪೆಕ್ ಆಸ್ಪತ್ರೆ, ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ರಿಮ್ಸ್. ಸುತ್ತಲಿನ ತಾಲ್ಲೂಕುಗಳ ಬಡವರು ಬಸ್ಸಿನಿಂದ ಇಳಿದು ಕೈಯಲ್ಲಿ ಸ್ಕ್ಯಾನಿಂಗ್ ಲಕೋಟೆ ಹಿಡಿದು ರಸ್ತೆ ದಾಟುವುದು ಇಲ್ಲಿ. ಗಾಲಿಕುರ್ಚಿಯನ್ನು ತಳ್ಳಿಕೊಂಡು ದಾಟುವವರನ್ನೂ ನೋಡಿದ್ದೇನೆ. ಇವರನ್ನೂ ಎಬ್ಬಿಸಬೇಕೇ?

ಈ ರಸ್ತೆಗೆ ಹೈದರಾಬಾದಿನ ಹೆಸರು ಸುಮ್ಮನೆ ಬಂದದ್ದಲ್ಲ. 1956ರ ನವೆಂಬರ್ 1ರವರೆಗೆ ರಾಯಚೂರಿಗೆ ರಾಜಧಾನಿಯೆಂದರೆ ಹೈದರಾಬಾದೇ. ಕಚೇರಿ ಕಾಗದ, ಕೋರ್ಟಿನ ಮೇಲ್ಮನವಿ, ಕಾಲೇಜು ಓದು ಎಲ್ಲಕ್ಕೂ ಅತ್ತ ಮುಖ ಮಾಡಬೇಕಿತ್ತು. ಭಾಷಾವಾರು ವಿಂಗಡಣೆಯಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ನಮ್ಮ ಜಿಲ್ಲೆಯಲ್ಲಿದ್ದ ಗದ್ವಾಲ್, ಆಲಂಪುರ ಆಗಿನ ಆಂಧ್ರಪ್ರದೇಶಕ್ಕೆ ಹೋದವು. ನನ್ನ ತಾಯಿಯ ತವರು ಈಗ ತೆಲಂಗಾಣದಲ್ಲಿರುವ ಮಕ್ತಲ್. ಸೇತುವೆಯಾಚೆ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇವತ್ತಿಗೂ ಮನೆಮಾತು ಕನ್ನಡ ಆಗಿರುವವರಿದ್ದಾರೆ, ಅವರ ಸಂತೆ, ಔಷಧಿ, ಮದುವೆಯ ಜವಳಿ ಎಲ್ಲವೂ ರಾಯಚೂರಿನಲ್ಲೇ. ಗಡಿ ಕಾಗದದ ಮೇಲಿದೆ, ಬೆಳಗಿನ ಬಸ್ಸಿನಲ್ಲಿ ಎರಡೂ ಕಡೆಯವರು ಒಂದೇ ಸೀಟಿಗಾಗಿ ಜಗಳ ಆಡುತ್ತಾರೆ. ನಮ್ಮವರಿಗೂ ಕಾಯಿಲೆ ಜೋರಾದರೆ ಮೊದಲು ನೆನಪಾಗುವುದು ಹೈದರಾಬಾದೇ ಹೊರತು ನಾನೂರು ಕಿಲೋಮೀಟರ್ ದೂರದ ಬೆಂಗಳೂರಲ್ಲ.

ನಾನು ಶಿಕ್ಷಕಿಯ ತರಬೇತಿ ಪಡೆದದ್ದು ಯರಮರಸ್ ಕ್ಯಾಂಪಿನಲ್ಲಿ. ಆಗ ಈ ರಸ್ತೆಯಲ್ಲಿ ಎರಡು ಬಸ್ಸುಗಳು ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕಿತ್ತು. ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, ಒಟ್ಟು 1,720 ಮೆಗಾವಾಟ್. ಆಮೇಲೆ ಯರಮರಸ್ ಬಳಿ ತಲಾ 800 ಮೆಗಾವಾಟ್‌ನ ಎರಡು ಘಟಕಗಳು ಎದ್ದವು. ರಸ್ತೆಯ ಗಡಿಯಾರವೇ ಬದಲಾಯಿತು. ಅದಕ್ಕೆ ಮೊದಲು ಸೂರ್ಯ ಮುಳುಗಿದರೆ ಮುಗಿಯುತ್ತಿದ್ದ ಓಡಾಟ ಮೂರು ಪಾಳಿಗೆ ಹಂಚಿಹೋಯಿತು. ರಾತ್ರಿ ಪಾಳಿ ಮುಗಿಸಿ ಬರುವವರಿಗಾಗಿ ಚಿಕ್ಕಸುಗೂರಿನಲ್ಲಿ ನಸುಕಿಗೇ ಮಿರ್ಚಿ, ಮಂಡಾಳು ಒಗ್ಗರಣೆಯ ತಳ್ಳುಗಾಡಿಗಳು ನಿಂತವು. ಪತ್ರ ಬರೆದವರು ಎಬ್ಬಿಸಬೇಕೆನ್ನುವ ತಳ್ಳುಗಾಡಿಗಳು ಇವೇ. ಅವು ಹೆದ್ದಾರಿಗಾಗಿ ಬಂದವಲ್ಲ, ಪಾಳಿಯವರ ಹಸಿವಿಗಾಗಿ ಬಂದವು.

ಈಗ ನನ್ನ ದೂರನ್ನು ಹೇಳುತ್ತೇನೆ. ಕಲ್ಲಿದ್ದಲು ಬರುವುದು ರೈಲಿನಲ್ಲಿ, ಬೂದಿ ಹೋಗುವುದು ರಸ್ತೆಯಲ್ಲಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಬೂದಿಯೇ ಆದ್ದರಿಂದ ಅದು ಸಣ್ಣ ಹೊರೆಯಲ್ಲ. ಸಿಮೆಂಟ್ ಕಾರ್ಖಾನೆಗಳಿಗೆ ಒಣ ಹಾರುಬೂದಿ ಒಯ್ಯುವ ಮುಚ್ಚಿದ ಟ್ಯಾಂಕರ್‌ಗಳಿಂದ ಅಷ್ಟು ಕಾಟವಿಲ್ಲ. ಕಾಟ ಇರುವುದು, ನೀರಿನೊಡನೆ ಹೊಂಡಕ್ಕೆ ಬಿಟ್ಟು ಆಮೇಲೆ ತೋಡಿ ತೆಗೆದ ಬೂದಿ ತುಂಬಿದ ಟಿಪ್ಪರ್‌ಗಳಿಂದ. ಹೊರಡುವಾಗ ತೇವ ಇರುತ್ತದೆ, ತಾಡಪತ್ರಿಯನ್ನು ಹೆಸರಿಗೆ ಹೊದಿಸಿರುತ್ತಾರೆ, ಒಂದು ಮೂಲೆಗೆ ಹಗ್ಗ ಇರುವುದೇ ಇಲ್ಲ. ರಾಯಚೂರಿನ ಬಿಸಿಲು ತೇವವನ್ನು ಎಷ್ಟು ಹೊತ್ತು ಬಿಟ್ಟೀತು? ವೇಗ ತಗ್ಗಿಸುವ ಉಬ್ಬಿನ ಮೇಲೆ ಟಿಪ್ಪರ್ ಹಾರಿದಾಗ ಹಿಂಬಾಗಿಲ ಸಂದಿಯಿಂದ ಒಂದು ಬೊಗಸೆ ಕೆಳಗೆ ಬೀಳುತ್ತದೆ, ಹಿಂದಿನ ಲಾರಿ ಅದನ್ನು ನುಣ್ಣಗೆ ಅರೆಯುತ್ತದೆ, ಅದರ ಹಿಂದಿನ ಬಸ್ಸು ಎಬ್ಬಿಸುತ್ತದೆ. ಶಾಲೆಯಲ್ಲಿ ಕಿಟಕಿ ಪಕ್ಕದ ಬೆಂಚಿನ ಮೇಲೆ ಮಕ್ಕಳು ಬೆರಳಿನಿಂದ ಹೆಸರು ಬರೆಯುತ್ತಿದ್ದರು. ಊಟದ ಬಿಡುವಿಗೆ ಒರೆಸಿದ ಬೆಂಚಿನ ಮೇಲೆ ಕೊನೆಯ ಗಂಟೆಗೆ ಮತ್ತೆ ಹೆಸರು ಬರೆಯಬಹುದಿತ್ತು. ಗುತ್ತಿಗೆದಾರರೊಬ್ಬರಿಗೆ ನಾನೇ ಹೇಳಿ ನೋಡಿದೆ. ‘ಮೇಡಂ, ನಿಮ್ಮ ಶಾಲೆಯನ್ನು ಒಳಗೆ ಕಟ್ಟಬೇಕಿತ್ತು’ ಎಂದರು. ಕಳೆದ ವಾರದ ಪತ್ರದ ತರ್ಕವೂ ಹೆಚ್ಚುಕಡಿಮೆ ಇದೇ.

ಹಾಗಾದರೆ ದಟ್ಟಣೆ ಇಲ್ಲವೇ? ಖಂಡಿತ ಇದೆ. ರಸ್ತೆ ಅಗಲವಾಗಲಿ, ನನ್ನ ತಕರಾರಿಲ್ಲ. ಆದರೆ ಅಗಲ ಮಾಡುವವರು ಗಂಜ್‌ನಿಂದ ಸೇತುವೆಯವರೆಗೆ ಇದನ್ನು ಊರೊಳಗಿನ ಬೀದಿಯೆಂದು ತಿಳಿದು ನಕ್ಷೆ ಬರೆಯಲಿ. ನಡುವೆ ಎದೆಮಟ್ಟದ ಗೋಡೆ ಕಟ್ಟಿ, ದಾಟಲು ಒಂದು ಕಿಲೋಮೀಟರ್ ಆಚೆ ಹೋಗಿ ಎಂದರೆ ರಿಮ್ಸ್‌ಗೆ ಬಂದ ಬಾಣಂತಿ ಹೋಗುವುದಿಲ್ಲ, ಗೋಡೆ ಹತ್ತುತ್ತಾಳೆ. ಅಲ್ಲಿ ದೀಪವಿರುವ ದಾಟುದಾರಿ ಬೇಕು. ಚಿಕ್ಕಸುಗೂರು, ದೇವಸುಗೂರಿನಲ್ಲಿ ನೆರಳಿರುವ ತಂಗುದಾಣ ಬೇಕು. ಈಗಿನದರಲ್ಲಿ ಮಧ್ಯಾಹ್ನ ನಿಂತರೆ ಕಬ್ಬಿಣದ ಬೆಂಚು ಕೂರಲು ಬಿಡುವುದಿಲ್ಲ. ತಳ್ಳುಗಾಡಿಗಳಿಗೆ ಬದಿಯಲ್ಲಿ ಗೆರೆ ಹಾಕಿ ಜಾಗ ಕೊಟ್ಟರೆ ಅವರು ಡಾಂಬರಿನ ಮೇಲೆ ನಿಲ್ಲುವುದಿಲ್ಲ, ನಿಂತರೆ ಆಗ ದಂಡ ಹಾಕಿ. ಟಿಪ್ಪರ್‌ಗಳ ತಾಡಪತ್ರಿಯ ನಾಲ್ಕೂ ಮೂಲೆಯನ್ನು ಹೊರಡುವ ಗೇಟಿನಲ್ಲೇ ನೋಡಿ ಬಿಡುವುದಕ್ಕೆ ಯಾವ ಹೊಸ ಕಾನೂನೂ ಬೇಡ, ಒಬ್ಬ ಕಾವಲುಗಾರ ಸಾಕು.

ಇನ್ನು ನಿಜಾಮರ ಕಾಲದ ಸೇತುವೆಯ ಮೇಲೆ ಇಂದಿನ ಹತ್ತಾರು ಗಾಲಿಯ ಲಾರಿಗಳನ್ನು ಹರಿಯಬಿಟ್ಟು, ದಟ್ಟಣೆಗೆ ಚಿಕ್ಕಸುಗೂರಿನ ಮಿರ್ಚಿ ಬಂಡಿಯನ್ನು ಹೊಣೆ ಮಾಡುವುದು ನ್ಯಾಯವಲ್ಲ. ಊರಿನಲ್ಲಿ ಕೆಲಸವಿಲ್ಲದ ದೂರದ ಲಾರಿಗಳಿಗೆ ಹೊರಗಿನಿಂದಲೇ ದಾರಿ ಕೊಡಿ ಎಂದು ಆ ಓದುಗರು ಅರ್ಜಿ ಬರೆಯುವುದಾದರೆ ನಾನೂ ಸಹಿ ಹಾಕುತ್ತೇನೆ, ನಮ್ಮ ಓಣಿಯವರಿಂದಲೂ ಹಾಕಿಸುತ್ತೇನೆ.

— ನಿವೃತ್ತ ಶಿಕ್ಷಕಿ, ಯರಮರಸ್ ಕ್ಯಾಂಪ್, ರಾಯಚೂರು