ಒಡೆದ ಸ್ಟೇರಿಂಗಿಗೆ ಕವರ್ ಹೊದಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ನಮ್ಮ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರ ಮನೆಗಳಲ್ಲಿ ಇಪ್ಪತ್ತು, ಮೂವತ್ತು ವರ್ಷ ದುಡಿದ ಪಿಕಪ್ ಗಾಡಿಗಳು ಇಂದಿಗೂ ಮಣೂಕದ (ಒಣದ್ರಾಕ್ಷಿ) ಬಾಕ್ಸು, ಗೊಬ್ಬರದ ಚೀಲ ಹೊತ್ತು ವಿಜಯಪುರಕ್ಕೆ ಓಡಾಡುತ್ತಿವೆ. ಅವುಗಳ ಎಂಜಿನ್, ಬ್ರೇಕುಗಳ ಬಗ್ಗೆ ಇರುವ ಕಾಳಜಿ ಸ್ಟೇರಿಂಗ್ ಚಕ್ರದ ಬಗ್ಗೆ ಕಾಣುತ್ತಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ತಂದೆಯವರು ಕೊಂಡಿದ್ದ ನಮ್ಮ ಹಳೆಯ ಮಹೀಂದ್ರ ಪಿಕಪ್ಪಿಗೆ ಪವರ್ ಸ್ಟೇರಿಂಗ್ ಇಲ್ಲ. ಅದರ ಸ್ಟೇರಿಂಗಿಗೆ ವರ್ಷಗಟ್ಟಲೆ ಹೊದಿಸಿದ್ದ ರೆಕ್ಸಿನ್ ಕವರನ್ನು ಕಳೆದ ಬೇಸಿಗೆಯಲ್ಲಿ ಬಿಚ್ಚಿದಾಗ, ಕಡ್ಡಿಗಳು ಬಳೆಯನ್ನು ಸೇರುವ ಜಾಗದಲ್ಲಿ ಪ್ಲಾಸ್ಟಿಕ್ ಉಗುರು ತೂರುವಷ್ಟು ಬಾಯಿಬಿಟ್ಟಿತ್ತು. ಒಳಗಿನ ಕಬ್ಬಿಣದ ಸರಳು ಕೈಬೆವರಿಗೆ ತುಕ್ಕು ಹಿಡಿದು ಹಕ್ಕಳೆ ಏಳುತ್ತಿತ್ತು. 40 ಡಿಗ್ರಿ ದಾಟುವ ಬಿಸಿಲಿನಲ್ಲಿ ನೆರಳಿಲ್ಲದೆ ನಿಲ್ಲುವ ಗಾಡಿಯಲ್ಲಿ ಪ್ಲಾಸ್ಟಿಕ್ ವರ್ಷದಿಂದ ವರ್ಷಕ್ಕೆ ಪೆಡಸಾಗುತ್ತದೆ, ಕಬ್ಬಿಣದಷ್ಟೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದೂ ಇಲ್ಲ, ಹೀಗಾಗಿ ಸೀಳುತ್ತದೆ.

ಬದಲಿಸಲು ಹೋದಾಗ ನಮಗಾದದ್ದು ಇನ್ನೊಂದು ನಷ್ಟ. ಮೊದಲು ಹೋದ ಗ್ಯಾರೇಜಿನಲ್ಲಿ ಸ್ಟೇರಿಂಗ್ ಚಕ್ರ ಬಿಗಿದ ನಟ್ ಪೂರ್ತಿ ತೆಗೆದು, ಚಕ್ರ ಕೂರುವ ಶಾಫ್ಟಿನ (ಕಬ್ಬಿಣದ ದಂಡದ) ತುದಿಗೆ ಸುತ್ತಿಗೆಯಿಂದ ಬಾರಿಸಿದರು. ಅದರಿಂದ ಶಾಫ್ಟಿನ ಮರೆ (ನಟ್ ತಿರುಗಿ ಕೂರುವ ತಿರುಪು) ಕೆಟ್ಟಿತು, ಶಾಫ್ಟನ್ನು ಹಿಡಿದಿಡುವ ಕಾಲಮ್ಮಿನ ಬೇರಿಂಗಿಗೂ ಪೆಟ್ಟು ಬಿತ್ತು. ಅಷ್ಟಾದ ಮೇಲೆ 16 ಇಂಚಿನದರ ಜಾಗದಲ್ಲಿ 13 ಇಂಚಿನ ಫ್ಯಾನ್ಸಿ ಸ್ಟೇರಿಂಗ್ ಚಕ್ರ ಕೂಡಿಸಿಕೊಟ್ಟರು. ಅಳತೆ ಇಷ್ಟು ಇಳಿದರೆ ಅದೇ ತಿರುವಿಗೆ ಕೈಬಲ ಹೆಚ್ಚುಕಡಿಮೆ ಕಾಲುಭಾಗ ಹೆಚ್ಚು ಬೇಕು. ತುಂಬಿದ ಗಾಡಿಯನ್ನು ತೋಟದ ದಾರಿಯಲ್ಲಿ ತಿರುಗಿಸುವಾಗ ಅದು ಭುಜಕ್ಕೆ ತಿಳಿಯುತ್ತದೆ.

ಕೊನೆಗೆ ಹಿರಿಯ ಮಿಸ್ತ್ರಿಯೊಬ್ಬರು ಶಾಫ್ಟಿನ ಮರೆ ಸರಿಪಡಿಸಿ, ಅದರ ಹಲ್ಲುಗಳನ್ನು ಎಣಿಸಿ, ಅಷ್ಟೇ ಹಲ್ಲಿನ, ಮೂಲ ಅಳತೆಯ ಚಕ್ರ ತರಿಸಿದರು. ಅವರ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ಮುಂದಿನ ಟೈರುಗಳನ್ನು ನೇರ ನಿಲ್ಲಿಸಿ, ಹಾರ್ನ್ ಬಟನ್ ಎಬ್ಬಿಸಿ, ಶಾಫ್ಟಿಗೂ ಚಕ್ರಕ್ಕೂ ಸೇರಿಸಿ ಬಿಳಿ ಬಣ್ಣದ ಗೆರೆ ಎಳೆದರು. ನಟ್ಟನ್ನು ಸಡಿಲಿಸಿದರೂ ಎರಡು ಮೂರು ಸುತ್ತು ಹಾಗೇ ಉಳಿಸಿ, ಚಕ್ರವನ್ನು ಎಳೆದು ಬಿಡಿಸುವ ಪುಲ್ಲರ್ ಹಚ್ಚಿದರು. ಇಲ್ಲವಾದರೆ ಬಿಗಿದ ಚಕ್ರ ಒಮ್ಮೆಲೇ ಕಿತ್ತು ಮುಖಕ್ಕೆ ಬಡಿಯುತ್ತದೆ. ಹೊಸದನ್ನು ಶಾಫ್ಟಿನ ಗೆರೆಗೆ ಸರಿಯಾಗಿ ಕೂಡಿಸಿದರು. ಒಂದು ಹಲ್ಲು ತಪ್ಪಿದರೂ ನೇರ ರಸ್ತೆಯಲ್ಲಿ ಚಕ್ರ ಸೊಟ್ಟಗೆ ನಿಲ್ಲುತ್ತದೆ ಎಂದರು. ನಟ್ ಬಿಗಿದ ಮೇಲೂ ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿಯೇ ಕೀಲಿ ಕೊಟ್ಟರು.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 98ನೇ ನಿಯಮದ ಪ್ರಕಾರ ಸ್ಟೇರಿಂಗ್ ವ್ಯವಸ್ಥೆ ಸುಸ್ಥಿತಿಯಲ್ಲಿರಬೇಕು ಮತ್ತು ಟೈರು ತಿರುಗದೆ ಸ್ಟೇರಿಂಗ್ ಚಕ್ರ ಸುಮ್ಮನೆ ಆಡುವ ಸಡಿಲ 30 ಡಿಗ್ರಿಗಿಂತ ಹೆಚ್ಚು ಇರಕೂಡದು. ಹಳೆಯ ಸರಕು ವಾಹನಗಳು ಪ್ರತಿ ವರ್ಷ ಪಾಸಿಂಗಿಗೆ (ಸುಸ್ಥಿತಿ ತಪಾಸಣೆಗೆ) ಬಂದೇ ಬರುತ್ತವೆ. ಆಗ ಸಾರಿಗೆ ಅಧಿಕಾರಿಗಳು ಸ್ಟೇರಿಂಗಿನ ಕವರ್ ಬಿಚ್ಚಿಸಿ ಒಳಗಿನ ಬಳೆಯನ್ನು ಕಣ್ಣಾರೆ ನೋಡಬೇಕು, ಬಿಡಿಭಾಗದ ಅಂಗಡಿಯವರು ಹಳೆಯ ಗಾಡಿಗಳ ಮೂಲ ಅಳತೆಯ ಚಕ್ರಗಳನ್ನು ತರಿಸಿಡಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಒಬ್ಬ ದ್ರಾಕ್ಷಿ ಬೆಳೆಗಾರ, ತಿಕೋಟಾ, ವಿಜಯಪುರ ಜಿಲ್ಲೆ