ಲಕ್ಕುಂಡಿಗೆ ಹೊರಟ ಮಗಳಿಗೆ

ಬೆಟಗೇರಿ, ಗದಗ

ಚಿ. ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಹೂಂ ಹೂಂ ಎಂದು ತೇಲಿಸಿಬಿಟ್ಟೆ. "ಕಾಕಾ, ಮ್ಯೂಸಿಯಂನಲ್ಲಿರೋ ದೇವರಿಗೆ ಕೈ ಮುಗೀಬೇಕಾ, ಸುಮ್ನೆ ನೋಡಿ ಬರಬೇಕಾ?" ಅಂದಿದ್ದೆಯಲ್ಲ. ಗೆಳತಿಯರ ಜೊತೆ ಹುಬ್ಬಳ್ಳಿಯಿಂದ ಲಕ್ಕುಂಡಿಗೆ ಹೊರಟಿದ್ದೀ, ಅದಕ್ಕೇ ಈ ಪತ್ರ. ಇಷ್ಟುದ್ದ ವಾಟ್ಸಾಪ್ ಮಾಡಲು ನನ್ನ ಬೆರಳು ಕೇಳುವುದಿಲ್ಲ.

ಕೈ ಮುಗಿಯಬೇಕು ಅನ್ನಿಸಿದರೆ ಮುಗಿ. ಯಾರೂ ಬೇಡ ಅನ್ನುವುದಿಲ್ಲ. ಆದರೆ ಮುಗಿದ ಕೂಡಲೇ ಮುಂದಿನ ಮೂರ್ತಿಗೆ ಓಡಬೇಡ. ಗುಡಿಯಲ್ಲಿ ನಾವು ದೇವರನ್ನು ಸರಿಯಾಗಿ ನೋಡುವುದೇ ಇಲ್ಲ. ಹೂವು, ಬೆಳ್ಳಿ ಮುಖವಾಡ, ಮಬ್ಬು ದೀಪ, ಹಿಂದಿನವರ ನೂಕಾಟ. ಮ್ಯೂಸಿಯಂನಲ್ಲಿ ಅದ್ಯಾವುದೂ ಇಲ್ಲ. ಕಲ್ಲು ಇದೆ, ಅದನ್ನು ಕಡೆದವನ ಕೈಗುಣ ಇದೆ.

ಮಾಸ್ತರಿಕೆ ಮಾಡುವಾಗ ಒಮ್ಮೆ ನಲವತ್ತು ಹುಡುಗರನ್ನು ಲಕ್ಕುಂಡಿಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅರ್ಧ ತಾಸಿನಲ್ಲಿ ಎಲ್ಲ ಮುಗಿಸಿದೆ. ಅವತ್ತೇ ಪಟ್ಟದಕಲ್ಲಿಗೆ ಬೇರೆ ಹೋಗಬೇಕಿತ್ತು. ಒಬ್ಬ ಹುಡುಗ "ಸರ್, ಈ ದೇವರಿಗೆ ಮೂಗು ಯಾಕಿಲ್ಲ?" ಅಂದ. "ಶತ್ರುಗಳು ಒಡೆದರು, ನಡಿ ನಡಿ" ಅಂದೆ. ನನಗೇನು ಗೊತ್ತಿತ್ತು? ಒಡೆದವರೂ ಇದ್ದರು, ಸುಳ್ಳಲ್ಲ. ಆದರೆ ಮೂಗು, ಬೆರಳು, ಮೊಣಕೈ ಹೊರಗೆ ಚಾಚಿಕೊಂಡಿರುತ್ತವೆ. ಮೂರ್ತಿ ಮಗುಚಿ ಬಿದ್ದರೆ ಮೊದಲು ಹೋಗುವುದು ಅವೇ. ಹೀಗೆ ಒಡೆದು ಭಿನ್ನವಾದ ಮೂರ್ತಿಯನ್ನು ನಮ್ಮವರು ಪೂಜೆಗೆ ಇಡುವುದಿಲ್ಲ, ನೀರಿಗೆ ಬಿಡುತ್ತಾರೆ. ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಅಂತ ಮಾತಿದೆ, ಬಿಡಲು ಜಾಗಕ್ಕೇನು ಬರ! ಆ ಹುಡುಗನಿಗೆ "ಗೊತ್ತಿಲ್ಲಪ್ಪ, ನೋಡೋಣ ಬಾ" ಅನ್ನಬಹುದಿತ್ತು. ಇವತ್ತಿಗೂ ಚುಚ್ಚುತ್ತದೆ.

ನೋಡುವುದನ್ನು ನನಗೆ ಕಲಿಸಿದವಳು ನಿನ್ನ ಆಯಿ. ನಮ್ಮವ್ವ ಶಾಲೆಗೆ ಹೋದವಳಲ್ಲ, ಮಗ್ಗದ ಮುಂದೆ ಬೆಳೆದವಳು. ಒಮ್ಮೆ ಅವಳನ್ನೂ ಕರೆದುಕೊಂಡು ಹೋದೆ. ಸೆರಗು ಹೊದ್ದು ಎಲ್ಲ ಮೂರ್ತಿಗಳಿಗೂ ಒಂದೇ ಸಲ ಕೈ ಮುಗಿದಳು. ಆಮೇಲೆ ಒಂದು ಜಿನಮೂರ್ತಿಯ ಪಕ್ಕ ನಿಂತ ಚಾಮರ ಹಿಡಿದವಳ ಮುಂದೆ ನಿಂತಳು ನೋಡು, ಕದಲಲೇ ಇಲ್ಲ. ನಾನು ಬೋರ್ಡು ಓದಿ ಹೇಳಲು ಹೋದರೆ "ಸುಮ್ಕಿರೋ" ಅಂದಳು. ಸೊಂಟದ ಬಟ್ಟೆಯ ದಡಿ, ಎರಡು ತೊಡೆಗಳ ನಡುವೆ ಇಳಿಬಿದ್ದ ನೆರಿಗೆ, ಗಂಟು ಹಾಕಿದ ಜಾಗ, ಒಂದೊಂದನ್ನೂ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಳು. "ಇಂವ ಸೀರಿ ನೇಯೋದನ್ನ ಕಂಡಾನ. ಇಲ್ಲಂದ್ರ ನೆರಿಗಿ ಹಿಂಗ ಕೂಡೂದಿಲ್ಲ" ಅಂದಳು. ಅಷ್ಟು ಸಲ ಹೋಗಿದ್ದೆ, ನನಗೆ ಆ ದಡಿ ಕಂಡಿರಲೇ ಇಲ್ಲ.

ಅದಕ್ಕೆ ನಿನಗೆ ಹೇಳುವುದು, ಎಲ್ಲವನ್ನೂ ನೋಡಲು ಹೋಗಬೇಡ. ಎರಡು ಮೂರು ಮೂರ್ತಿ ಸಾಕು. ಬೋರ್ಡು ಆಮೇಲೆ ಓದು. ಮೊದಲು ಪೀಠ ನೋಡು. ಜೈನ ತೀರ್ಥಂಕರರ ಮೂರ್ತಿಯಾದರೆ, ಅಲ್ಲಿ ಸಿಂಹ ಇದ್ದರೆ ಮಹಾವೀರ, ಎತ್ತು ಇದ್ದರೆ ಆದಿನಾಥ, ಶಂಖ ಇದ್ದರೆ ನೇಮಿನಾಥ. ತಲೆಯ ಮೇಲೆ ಏಳು ಹೆಡೆಯ ಹಾವು ಕಂಡರೆ ಪಾರ್ಶ್ವನಾಥ. ಎರಡೂ ಕೈಯಲ್ಲಿ ಕಮಲ, ಕೆಳಗೆ ಏಳು ಕುದುರೆ ಇದ್ದರೆ ಸೂರ್ಯ. ವಿಷ್ಣುವಿನ ತಂಟೆಗೆ ಮಾತ್ರ ಮೊದಲ ಸಲವೇ ಹೋಗಬೇಡ. ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಿಂದ ಯಾವ ಕೈಗೆ ಹೋದವು ಅನ್ನುವುದರ ಮೇಲೆ 24 ಹೆಸರು. ನನಗೂ ತಲೆ ತಿರುಗುತ್ತದೆ.

ಅಲ್ಲಿಂದ ಹೊರಬಿದ್ದರೆ ಬ್ರಹ್ಮ ಜಿನಾಲಯ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ, ಅಂದರೆ ಜೈನರ ಗುಡಿ. ಕವಿ ಪೊನ್ನನ ಶಾಂತಿಪುರಾಣವನ್ನು ಓಲೆಗರಿಯ ಮೇಲೆ 1000 ಪ್ರತಿ ಬರೆಸಿ ಹಂಚಿದಳಲ್ಲ, ಅದೇ ಅತ್ತಿಮಬ್ಬೆ. ಒಳಗೆ ನಾಲ್ಕು ಮುಖದ ಬ್ರಹ್ಮ, ಪದ್ಮಾವತಿ ಇದ್ದಾರೆ. ಬಸದಿಯಲ್ಲಿ ಬ್ರಹ್ಮ ಯಾಕೆ ಅಂತ ಗೆಳತಿಯರು ಕೇಳಿದರೆ ನನ್ನ ಹಾಗೆ ಬಾಯಿಗೆ ಬಂದದ್ದು ಹೇಳಬೇಡ. ಪಟ್ಟದಕಲ್ಲಿನದು ಮರಳುಗಲ್ಲು, ಇಲ್ಲಿಯದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಸಣ್ಣ ಮಣಿಯನ್ನೂ ಬಿಡಿಬಿಡಿಯಾಗಿ ಕೊರೆಯಲು ಆಗಿದ್ದು. ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ, ಬೆಳಿಗ್ಗೆ ಬೇಗ ಹೋಗು. ನಡು ಮಧ್ಯಾಹ್ನ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ.

ಮುಟ್ಟಬೇಡ. ಕೈಯ ಬೆವರು, ಎಣ್ಣೆ ತಾಗಿ ತಾಗಿ ಕಲ್ಲು ಜಿಡ್ಡುಗಟ್ಟುತ್ತದೆ. ಕುಂಕುಮ ಅಂತೂ ಬೇಡವೇ ಬೇಡ. ಸೆಲ್ಫಿಗೆ ನನ್ನದೇನೂ ತಕರಾರಿಲ್ಲ, ಮೂರ್ತಿಗೆ ಬೆನ್ನು ಒರಗಿಸಬೇಡಿ ಅಷ್ಟೇ. ಹೋಗುವ ಮುಂಚೆ ಮ್ಯೂಸಿಯಂಗೆ ರಜೆ ಯಾವತ್ತು ಅಂತ ಕೇಳಿಕೋ. ಗದಗದಿಂದ 12 ಕಿಲೋಮೀಟರ್, ಕೊಪ್ಪಳದ ಕಡೆ ಹೋಗುವ ಬಸ್ಸು ಹತ್ತಿ.

ಬರುವಾಗ ಎಲ್ಲರೂ ಮನೆಗೆ ಬನ್ನಿ, ಕಾಕು ರೊಟ್ಟಿ ಬಡಿಯುತ್ತಾಳೆ. ಆ ಚಾಮರದವಳು ಸಿಕ್ಕರೆ, ಫೋಟೋಕ್ಕೆ ಬಿಡುವುದಾದರೆ, ಸೊಂಟದ ಗಂಟಿನದೊಂದು ಹತ್ತಿರದಿಂದ ತೆಗೆದುಕೊಂಡು ಬಾ. ನಿನ್ನ ಆಯಿ ಅದು ಎಡಕ್ಕಿದೆ ಅಂದಿದ್ದಳು, ನನಗೆ ಬಲಕ್ಕೆ ಅಂತ ನೆನಪು.

ನಿನ್ನ ಕಾಕಾ