ತೋಟ ಹೋಗುತ್ತದೆ ಎಂಬ ಹೆದರಿಕೆ

ಬದಿಯಡ್ಕ, ಕಾಸರಗೋಡು

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಈಗಿನ ಕೆಲಸ ಬಿಟ್ಟು, 4 ಲಕ್ಷ ಸಾಲ ತೆಗೆದು ಎಂಸಿಎ ಎಂಬ ಕಂಪ್ಯೂಟರ್ ಓದಿಗೆ ಸೇರುವ ಯೋಚನೆ, ಕಾಲೇಜು, ಹಾಸ್ಟೆಲ್ ಎಲ್ಲ ಓದಿದೆ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಓದಿಯೂ ಒಳ್ಳೆ ಕೆಲಸ ಸಿಗದಿದ್ದರೆ ಅಪ್ಪನ ತೋಟ ಹೋಗುತ್ತದೆ ಅಲ್ವಾ ಮಾವ?" ಅಂತ. ಅದು ತಲೆಯಿಂದ ಹೋಗುತ್ತಲೇ ಇಲ್ಲ. ಅತ್ತೆಗೂ ಓದಿ ಹೇಳಿದೆ. "ಈ ಹುಡುಗಿ ಯಾಕೆ ಅಷ್ಟು ದೂರ ಯೋಚಿಸುತ್ತಾಳೆ" ಎಂದಳು. ನನಗೆ ಅದು ದೂರದ ಮಾತು ಅನಿಸಲಿಲ್ಲ. ಸಾಲ ಕೊಡುವ ಸಹಕಾರಿ ಸೊಸೈಟಿಯಲ್ಲಿ ಸಾಲದ ಪುಸ್ತಕ ಬರೆದೇ ಕೂದಲು ನರೆತವನು ನಾನು.

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಜಾಗದ ಅಡವು ಕೇಳುವುದಿಲ್ಲ. ಅಪ್ಪ ನಿನ್ನ ಜೊತೆ ಸಹಿ ಹಾಕಬೇಕು, ಅಷ್ಟೇ. ತೋಟದ ಕಾಗದ ಪೆಟ್ಟಿಗೆಯಲ್ಲೇ ಇರುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನಿನಗೂ ನಿದ್ದೆ ಬರುತ್ತಿತ್ತೋ ಏನೋ. ಆದರೆ ಸಹಿ ಹಾಕಿದವನೂ ಸಾಲಗಾರನೇ. ನೀನು ಕಟ್ಟದಿದ್ದರೆ ನೋಟೀಸು ಅಪ್ಪನಿಗೂ ಬರುತ್ತದೆ.

ನೋಟೀಸು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಒಬ್ಬರು ಸೊಸೈಟಿಯ ಜಗಲಿಯವರೆಗೆ ಬಂದು ಕಂಬದ ಹತ್ತಿರ ನಿಲ್ಲುತ್ತಿದ್ದರು. ಮಡಚಿದ ಕೊಡೆಯಿಂದ ನೀರು ಸೋರಿ ಕಾಲಬುಡದಲ್ಲಿ ನಿಲ್ಲುತ್ತಿತ್ತು. ಒಳಗೆ ಮಾತ್ರ ಬರುತ್ತಿರಲಿಲ್ಲ. ಹಾಗೇ ವಾಪಸ್. ಅವರಿಗಿಂತ ಜಾಸ್ತಿ ಬಾಕಿ ಇದ್ದವರು ಕೌಂಟರಿಗೆ ಬಂದು, ಜಗಳ ಮಾಡಿ, ಅವಧಿ ಮುಂದೆ ಹಾಕಿಸಿಕೊಂಡು ಹೋಗುತ್ತಿದ್ದರು. ಕೊನೆಗೆ ಜಾಗ ಕಳೆದುಕೊಂಡದ್ದು ಆ ಕೊಡೆಯವರು. ಇದನ್ನು ನಿನಗೆ ಯಾಕೆ ಹೇಳಿದೆನೋ. ಹೇಳಬೇಕು ಅನಿಸಿತು.

ಲೆಕ್ಕದಲ್ಲಿ ನೀನು ಫೀಸು, ಹಾಸ್ಟೆಲ್ ಮಾತ್ರ ಹಿಡಿದಿದ್ದೀ. ಬಿಟ್ಟು ಹೋಗುವ ಸಂಬಳ ಎಲ್ಲಿ? ತಿಂಗಳಿಗೆ 18,000ದಂತೆ ಎರಡು ವರ್ಷಕ್ಕೆ 4,32,000. ಎಂಸಿಎ ಮೊದಲು ಮೂರು ವರ್ಷ ಇತ್ತು, 2020ರಲ್ಲಿ ಎರಡಕ್ಕೆ ಇಳಿಸಿದರು. ಅಷ್ಟು ಪುಣ್ಯ. ಸಾಲವನ್ನು ವರ್ಷಕ್ಕೆ 2 ಲಕ್ಷದಂತೆ ತೆಗೆದರೆ, ಓದುವಾಗಲೂ ಮುಗಿದ ಮೇಲೆ ಒಂದು ವರ್ಷವೂ ಕಂತು ಇಲ್ಲ. ಬಡ್ಡಿ ಮಾತ್ರ ಓಡುತ್ತಿರುತ್ತದೆ. ಶೇಕಡಾ 10 ಎಂದು ಹಿಡಿದರೆ ಕಂತು ಶುರುವಾಗುವಾಗ 4 ಲಕ್ಷ 5 ಲಕ್ಷ ಆಗಿರುತ್ತದೆ. ಆಮೇಲೆ ಏಳು ವರ್ಷ, ತಿಂಗಳಿಗೆ ಸುಮಾರು 8,300.

30,000ದ ಕೆಲಸ ಸಿಕ್ಕಿತು ಅನ್ನು. ಈಗಿನದಕ್ಕಿಂತ 12,000 ಜಾಸ್ತಿ. ಕಂತು ಕಟ್ಟಿ ಉಳಿಯುವುದು 3,700. ಸಂಬಳ ಅಲ್ಲೇ ನಿಂತರೆ, ಬಿಟ್ಟ ಸಂಬಳ ಏಳು ವರ್ಷಕ್ಕೂ ತುಂಬುವುದಿಲ್ಲ. ಏರುತ್ತದೆ, ಸರಿ. ಈಗಿನ ಕೆಲಸದಲ್ಲಿದ್ದರೂ ಸ್ವಲ್ಪ ಏರುತ್ತಿತ್ತಲ್ಲ. 22,000ವೇ ಸಿಕ್ಕಿತು ಅನ್ನು. ಕಂತು ಹೋಗಿ 13,700. ಈಗಿನದಕ್ಕಿಂತ ಕಡಿಮೆ! ಇದನ್ನು ಬರೆಯುವಾಗ ನನಗೂ ಕೈ ಹಿಂದೆ ಬಂತು. ಆದರೆ ನೋಡು, ಆ 22,000ದಲ್ಲೂ ಕಂತು ಕಟ್ಟಬಹುದು. ಕಷ್ಟದಲ್ಲಿ, ಮಂಗಳೂರಿನ ರೂಮಿನಲ್ಲಿ ಇಬ್ಬರು ಹಂಚಿಕೊಂಡು. ಲಾಭ ಆಗದಿರುವುದು ಬೇರೆ, ತೋಟ ಹೋಗುವುದು ಬೇರೆ. ನೀನು ಎರಡಕ್ಕೂ ಒಟ್ಟಿಗೆ ಹೆದರಿದ್ದೀ.

ನಿನ್ನ ಅಜ್ಜನೂ ಹಾಗೆಯೇ. ನಾನು ಪ್ರಿ-ಡಿಗ್ರಿ ಮುಗಿಸಿದ ವರ್ಷ ಮಳೆ ಬಿಡಲಿಲ್ಲ. ಅಡಕೆಗೆ ಮೈಲುತುತ್ತಿನ ಮದ್ದು ಹೊಡೆಯಲು ಎರಡು ದಿನದ ಬಿಸಿಲೂ ಸಿಗಲಿಲ್ಲ. ಮಹಾಳಿ ಎಂಬ ಕೊಳೆರೋಗ ಹಿಡಿದು ಎಳೆ ಅಡಕೆ ಬುಡದಲ್ಲಿ ಹಾಸಿದ ಹಾಗೆ ಬಿದ್ದಿತ್ತು, ತೋಟವಿಡೀ ಕೊಳೆತ ವಾಸನೆ. ಮಂಗಳೂರಿನಲ್ಲಿ ಬಿ.ಕಾಂ. ಮಾಡುತ್ತೇನೆ ಎಂದು ಆಗಲೇ ಕೇಳಿದೆ. ಅಜ್ಜ ನೆಲ ನೋಡಿದರು. "ಸಾಲ ಮಾಡಿ ಓದುವುದು ಬೇಡ" ಎಂದರು. ಮುಗಿಯಿತು. ಎಷ್ಟು ಸಾಲ, ಎಷ್ಟು ವರ್ಷ, ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಲೆಕ್ಕ ಹಾಕಿ ಬೇಡ ಎಂದಿದ್ದರೆ ನನಗೆ ಇಷ್ಟು ಕಾಲ ಬೇಸರ ಉಳಿಯುತ್ತಿರಲಿಲ್ಲ. ಅವರ ಮೇಲೆ ಸಿಟ್ಟಿಲ್ಲ ಬಿಡು. ಮರುವರ್ಷ ಫಸಲು ಚೆನ್ನಾಗಿ ಬಂತು. ಅಷ್ಟರಲ್ಲಿ ನಾನು ಸೊಸೈಟಿಗೆ ಸೇರಿಯಾಗಿತ್ತು.

ಏನು ಬರೆಯುತ್ತಿದ್ದೆ? ಹಾಂ. ನನಗೆ ಈಗಿನ ಕಂಪ್ಯೂಟರ್ ಓದು ಗೊತ್ತಿಲ್ಲ, ತಪ್ಪು ತಿಳಿಯಬೇಡ. ನಮ್ಮ ಜಿಲ್ಲೆಯ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಎಂಎಸ್ಸಿ ಕಂಪ್ಯೂಟರ್ ಸೈನ್ಸ್ ಇದೆ. ಖಾಸಗಿ ಕಾಲೇಜಿನ ಹಾಗೆ ಫೀಸಿಲ್ಲ, ಪ್ರವೇಶ ಪರೀಕ್ಷೆ ಬರೆಯಬೇಕು. ಸಾಲ ಅರ್ಧವಾದರೆ ಹೆದರಿಕೆಯೂ ಅರ್ಧವಾದೀತು. ಕೆಲಸ ಬಿಡದೆ, ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದಲ್ಲಿ ಎಂಸಿಎ ಮಾಡಬಹುದು. ಆದರೆ ಕಂಪನಿಗಳು ಕಾಲೇಜಿಗೇ ಬಂದು ಆರಿಸಿಕೊಂಡು ಹೋಗುವುದು ಅಲ್ಲಿ ಕಡಿಮೆ. ನೀನು ದುಡ್ಡು ಕೊಡುವುದು ಮುಖ್ಯವಾಗಿ ಅದಕ್ಕೇ ಅಲ್ವಾ? ಹಾಗಾದರೆ ಕಾಲೇಜಿನವರನ್ನು ಕೇಳು: ಕಳೆದ ವರ್ಷ ಎಷ್ಟು ಮಕ್ಕಳಿಗೆ ಕೆಲಸ ಸಿಕ್ಕಿತು, ನಡುವಿನವನಿಗೆ ಎಷ್ಟು ಸಂಬಳ? ಮೊದಲನೆಯವನದ್ದು ಅವರು ಕೇಳದೆಯೇ ಹೇಳುತ್ತಾರೆ.

ಇನ್ನೊಂದು. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ, ಇಂಥ ಓದಿಗೆ ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರ ಸರಕಾರ ಕಟ್ಟುವ ಯೋಜನೆ ಇದೆ. ಕಾಲೇಜಿಗೆ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆ ಇದೆಯಾ ನೋಡಿಕೋ. ಅದು ಸಿಕ್ಕಿದರೆ ಮೇಲೆ ಬರೆದ ಆ 1 ಲಕ್ಷ ಹೋಯಿತು, ಕಂತು 6,600ರ ಸುತ್ತ ಬರುತ್ತದೆ. ಆದಾಯದ ಸರ್ಟಿಫಿಕೇಟಿಗೆ ವಿಲೇಜ್ ಆಫೀಸಿಗೆ ನಾನೇ ಅಪ್ಪನ ಜೊತೆ ಹೋಗುತ್ತೇನೆ. ಅವನಿಗೆ ಮಲಯಾಳದ ಫಾರಂ ಕಂಡರೆ ಆಗುವುದಿಲ್ಲ, ನಿನಗೆ ಗೊತ್ತಲ್ಲ.

ಮತ್ತೆ, ತೋಟ ಹೋಗುತ್ತದೆ ಎಂಬ ಆ ಸಾಲನ್ನು ನನಗೆ ಬರೆದೆಯಲ್ಲ, ಅಪ್ಪನಿಗೂ ಹೇಳು. ತೋಟ ಅವನದ್ದು. ಎಷ್ಟಕ್ಕೆ ಹೆದರಬೇಕು ಎಂದು ಅವನಿಗೂ ಒಂದು ಲೆಕ್ಕ ಇರಬಹುದು. ಫೀಸಿನ ಕಾಗದದ ಫೋಟೋ ವಾಟ್ಸಾಪಿನಲ್ಲಿ ಕಳಿಸು. ದೊಡ್ಡದಾಗಿ ತೆಗಿ, ಕಳೆದ ಸಲದ್ದು ಓದಲಾಗಲಿಲ್ಲ.

ನಿನ್ನ ಮಾವ